ಒಂದು ಆ್ಯಪಿಗೆ ಎರಡು ಮುಹೂರ್ತ

ನಮ್ಮನೆಯವರ ಅಕ್ಕ, ಅಂದರೆ ನನ್ನ ಅತ್ತಿಗೆ, ಭದ್ರಾವತಿಯಲ್ಲಿ ಸೀರೆಗಳಿಗೆ ಕುಚ್ಚು ಕಟ್ಟಿಸುತ್ತಾರೆ. ಮೊದಲು ಒಬ್ಬರೇ ಕಟ್ಟುತ್ತಿದ್ದರು. ಈಗ ಕಾರ್ಖಾನೆ ಕ್ವಾರ್ಟರ್ಸಿನ ಆಸುಪಾಸಿನ ಎಂಟು ಜನ ಹೆಂಗಸರು ಅವರ ಜೊತೆಗಿದ್ದಾರೆ. ಶಿವಮೊಗ್ಗದ ದುರ್ಗಿಗುಡಿಯ ಒಂದು ಅಂಗಡಿಯಿಂದ ಸೀರೆಗಳು ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತವೆ, ಸೆರಗಿನ ತುದಿಗೆ ರೇಷ್ಮೆ ಕುಚ್ಚು, ಮಣಿ ಎಲ್ಲ ಕೂರಿಸಿಕೊಂಡು ವಾಪಸು ಬರುತ್ತವೆ. ಅತ್ತಿಗೆಯ ಮನೆಯಲ್ಲಿ ಸೋಫಾದ ಮೇಲೆ ಕೂರುವ ಮುಂಚೆ ಒಮ್ಮೆ ಕೈಯಾಡಿಸಿ ನೋಡಬೇಕು. ಮಣಿ ಚುಚ್ಚಿದರೆ ಪರವಾಗಿಲ್ಲ, ಕೆಲವು ಸಲ ಸೂಜಿಯೂ ಇರುತ್ತದೆ.

ಈ ಎಂಟು ಜನರಿಗೆ ಸುದ್ದಿ ಮುಟ್ಟಿಸಲು ಫೋನಿನಲ್ಲಿ ಒಂದು ಗ್ರೂಪು ಇತ್ತು. ಮದುವೆಗಳ ಕಾಲದಲ್ಲಿ ಒಂದು ಬೆಳಿಗ್ಗೆ ಅತ್ತಿಗೆ ಅದರಲ್ಲಿ, 'ಮದುವೆ ಹೆಣ್ಣಿನ ಸೀರೆ, ನಾಳೆ ಸಂಜೆಗೆ ಬೇಕು, ಯಾರು ತಗೋತೀರಾ' ಎಂದು ಹಾಕಿದ್ದಾರೆ. ಅದರ ಹಿಂದೆಯೇ ಶುಭೋದಯಗಳು ಶುರುವಾಗಿವೆ. ಗುಲಾಬಿ ಹೂವು, ಹೊಗೆಯಾಡುವ ಕಾಫಿ ಲೋಟ, ಯಾರದೋ ಮೊಮ್ಮಗಳ ಮೊದಲ ಹುಟ್ಟುಹಬ್ಬ, ಅದಕ್ಕೆ ಉಳಿದವರೆಲ್ಲರ ಹಾರೈಕೆ. ಸೀರೆಯ ಮಾತು ಮೇಲೆಲ್ಲೋ ಹೋಗಿ ಕೂತಿತು. ನೋಡಿದ ಒಂದಿಬ್ಬರೂ ಬೇರೆ ಯಾರೋ ತೆಗೆದುಕೊಂಡಿರಬೇಕು ಎಂದು ಸುಮ್ಮನಾದರು. ಸೀರೆ ಎರಡು ದಿನ ಅತ್ತಿಗೆಯ ಮೇಜಿನ ಮೇಲೇ ಇತ್ತು, ಮದುಮಗಳು ಕುಚ್ಚಿಲ್ಲದ ಸೀರೆ ಉಟ್ಟುಕೊಂಡಳು.

ಅಂಗಡಿಯವರು ಒಳ್ಳೆಯವರು, ಜೋರು ಮಾಡಲಿಲ್ಲ. "ಅಕ್ಕ, ಹೆಣ್ಣಿನ ತಾಯಿ ಬಂದು ಅಂಗಡೀಲಿ ಅತ್ಬಿಟ್ರು. ಮುಂದಿನ ವಾರ ಗುರುವಾರ ಇನ್ನೊಂದು ಮದುವೆ ಸೀರೆ ಕೊಡ್ತೀನಿ, ಶುಕ್ರವಾರ ಸಂಜೆಗೆ ಬೇಕು. ಅದೂ ಹಿಂಗೇ ಆದ್ರೆ ನಾನು ಬೇರೆ ಕಡೆ ಕೊಡ್ಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ" ಎಂದರಂತೆ.

ಅಲ್ಲಿಂದ ಅತ್ತಿಗೆ ನೇರವಾಗಿ ಅದೇ ಊರಿನ ವಿನೋಬನಗರದಲ್ಲಿರುವ ನಮ್ಮ ಮನೆಗೆ ಬಂದರು. ಕಾಫಿ ಕೊಟ್ಟರೆ ಅರ್ಧ ಕುಡಿದು ಲೋಟ ಕೆಳಗಿಟ್ಟರು. ಲೋಟ ಖಾಲಿಯಾಗದೆ ಅವರು ಕೆಳಗಿಟ್ಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನಂಗೇನಾಗ್ಬೇಕು ಕಣೆ, ಒಂದ್ ಹೊಲಿಗೆ ಮಿಷನ್ ಇದೆ, ಹೆಂಗೋ ಆಗುತ್ತೆ. ಆ ಎಂಟು ಜನಕ್ಕೆ ಏನಂತ ಹೇಳ್ಲಿ?"

"ಒಬ್ಬೊಬ್ರಿಗೂ ಫೋನ್ ಮಾಡಿ ಹೇಳ್ಬಿಡು" ಎಂದರು ನಮ್ಮನೆಯವರು, ಪೇಪರಿನ ಹಿಂದಿನಿಂದ. "ಎಂಟು ಕಾಲ್ ತಾನೇ?"

"ಎಂಟು ಕಾಲ್ ಅಲ್ಲ ಕಣೋ, ಎಂಟು ಸಂಸಾರ. ಒಬ್ಳಿಗೆ ಮಂಡಿ ನೋವು, ಒಬ್ಳಿಗೆ ಸೊಸೆ. ಎಲ್ಲ ಕೇಳಿ ಮುಗಿಯೋಷ್ಟೊತ್ತಿಗೆ ಸೀರೇನೇ ಹಳೇದಾಗಿರುತ್ತೆ!"

ಆಗ ನನ್ನ ಬಾಯಿಂದ ಬಂದುಬಿಟ್ಟಿತು: "ನಾನೊಂದು ಆ್ಯಪ್ ಮಾಡ್ಲಾ ಅತ್ತಿಗೆ? ಸೀರೆ ಸುದ್ದಿ ಒಂದೇ ಬರೋದು. ಹೂವು, ಕಾಫಿ ಯಾವ್ದೂ ಬರಲ್ಲ."

ಇಬ್ಬರೂ ನನ್ನನ್ನು ನೋಡಿದರು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಸಿಗುವ ಒಂದೂವರೆ ಗಂಟೆಯಲ್ಲಿ ನಾನು ಲ್ಯಾಪ್‌ಟಾಪಿನಲ್ಲಿ ಆ್ಯಪ್ ಮಾಡುವುದನ್ನು ಕಲಿಯುತ್ತಿದ್ದೇನೆ ಎಂದು ಮನೆಯವರಿಗೆ ಗೊತ್ತಿತ್ತು. ಅದುವರೆಗೆ ನಾನು ಮಾಡಿದ್ದು ಒಂದೇ ಒಂದು. ಹಾಲಿನವನು ಯಾವ ದಿನ ಬರಲಿಲ್ಲ ಎಂದು ಗುರುತು ಹಾಕಿಕೊಳ್ಳುವುದು. ಅದು ನಡೆಯುತ್ತಿದ್ದದ್ದೂ ನನ್ನ ಫೋನಿನಲ್ಲಿ ಮಾತ್ರ.

ಫೋನಿನೊಳಗೆ ಮಲಗಿರುವ ಆ್ಯಪನ್ನು ದೂರದಿಂದ ಎಬ್ಬಿಸಬೇಕಾದರೆ ನಡುವೆ ಒಂದು ಕ್ಲೌಡ್ ಸೇವೆ ಬೇಕು. ಆ ಸೇವೆಯವರ ಸೈಟಿನಲ್ಲಿ ಮೊದಲು ಒಂದು ಪ್ರಾಜೆಕ್ಟ್ ತೆರೆದು, ನಮ್ಮ ಆ್ಯಪಿನ ಹೆಸರು ಬರೆಸಬೇಕು. ಆಗ ಅವರು ಒಂದು ಪುಟ್ಟ ಫೈಲು ಕೊಡುತ್ತಾರೆ. ಪ್ರಾಜೆಕ್ಟಿನ ನಂಬರು, ಕೀಲಿ ಮುಂತಾದ್ದೆಲ್ಲ ಅದರಲ್ಲಿರುತ್ತದೆ. ಆ್ಯಪನ್ನು ಕಟ್ಟಿ ಸಿದ್ಧಪಡಿಸುವ ಹೊತ್ತಿಗೆ ಆ ಫೈಲನ್ನು ಓದಿ, ಅದರಲ್ಲಿರುವುದನ್ನೆಲ್ಲ ಆ್ಯಪಿನೊಳಗೆ ಸೇರಿಸುವ ಕೆಲಸ ಬಿಲ್ಡ್ ಪ್ಲಗಿನ್ ಎಂಬುದರದ್ದು. ಇಷ್ಟು ನಾನು ಓದಿ ತಿಳಿದದ್ದು. ಕೈಯಾರೆ ಒಂದನ್ನೂ ಮಾಡಿರಲಿಲ್ಲ.

ಮಾರನೆಯ ದಿನ ಮಂಗಳವಾರ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದದೆ ಪೆನ್ನು ತೆರೆಯಲು ಬಿಡುತ್ತಿರಲಿಲ್ಲ. ಆ ಅಭ್ಯಾಸದಲ್ಲಿ ಸೈಟಿನ ಸೂಚನೆಗಳನ್ನೆಲ್ಲ ಎರಡು ಸಲ ಓದಿದೆ. ಪ್ರಾಜೆಕ್ಟ್ ತೆರೆದೆ. ಆ್ಯಪಿನ ಹೆಸರು ಬರೆಸಿದೆ. ಆ ಪುಟ ಮತ್ತೆ ಬೇಗ ಸಿಗಲಿ ಎಂದು ಗುರುತು ಇಟ್ಟುಕೊಂಡೆ. ಅಷ್ಟರಲ್ಲಿ ಸೊಪ್ಪಿನವಳು ಕೂಗಿದಳು. ಫೈಲು ಇಳಿಸಿಕೊಳ್ಳುವುದನ್ನು ನಾಳೆಗೆ ಬಿಟ್ಟು, ಸಂಜೆ ಖುಷಿಯಲ್ಲಿ ಅತ್ತಿಗೆಗೆ ಫೋನ್ ಮಾಡಿದೆ.

"ಶುರು ಮಾಡ್ದೆ ಅತ್ತಿಗೆ!"

"ಅಯ್ಯೋ ಮಾರಾಯ್ತಿ, ಮಂಗಳವಾರನಾ?"

ಅತ್ತೆ ಆಗ ಅವರ ಮನೆಯಲ್ಲಿದ್ದರು. ಅವರು ಒಂದು ತಿಂಗಳು ಮಗಳ ಮನೆಯಲ್ಲಿ, ಒಂದು ತಿಂಗಳು ನಮ್ಮಲ್ಲಿ ಇರುತ್ತಾರೆ. ಅವರ ಕೈಗುಣ ನಮ್ಮ ನೆಂಟರಲ್ಲೆಲ್ಲ ಹೆಸರುವಾಸಿ. ಅವರು ಉಪ್ಪು ಹಾಕಿದ ಮಾವಿನಕಾಯಿ ಬೂಸಲು ಹಿಡಿದದ್ದಿಲ್ಲ, ಅವರು ನೆಟ್ಟ ಕರಿಬೇವು ಬಾಡಿದ್ದಿಲ್ಲ. ಅತ್ತಿಗೆಯ ಹೊಲಿಗೆ ಮಿಷನ್ನಿಗೂ ಮೊದಲ ಹೊಲಿಗೆ ಹಾಕಿದವರು ಅವರೇ. ಹಿಂದಿನಿಂದ ಅವರ ಧ್ವನಿ ಕೇಳಿಸಿತು: "ಸೋಮವಾರ ಆ ಡಬ್ಬ ತಗೊಂಡು ಇಲ್ಲಿಗೇ ಬಂದ್ಬಿಡಮ್ಮ. ನಾನೇ ಶುರು ಮಾಡ್ಕೊಡ್ತೀನಿ."

ಆಗಲೇ ಶುರುವಾಗಿದೆ ಅತ್ತೆ ಎಂದು ಹೇಳಬಹುದಿತ್ತು. ಆದರೆ ದೊಡ್ಡವರು ಅಷ್ಟು ಪ್ರೀತಿಯಿಂದ ಹೇಳುವಾಗ ನನಗೆ ಎದುರು ಮಾತು ಬರುವುದಿಲ್ಲ. ಮೇಲಾಗಿ, ಹೊಸದಾಗಿ ಇನ್ನೊಂದು ಪ್ರಾಜೆಕ್ಟ್ ತೆರೆಯಲು ಎರಡು ನಿಮಿಷ ಸಾಕು. ಮಂಗಳವಾರದ್ದು ಅದರ ಪಾಡಿಗೆ ಇರಲಿ ಎಂದುಕೊಂಡೆ.

ಸೋಮವಾರ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ, ಬಟ್ಟೆ ಚೀಲದಲ್ಲಿ ಹಾಕಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಅತ್ತೆ ಸ್ನಾನ, ಪೂಜೆ ಮುಗಿಸಿ ಕಾದಿದ್ದರು. ಮಣೆ ಹಾಕಿ, ಅದರ ಮೇಲೆ ಲ್ಯಾಪ್‌ಟಾಪ್ ಇಡಿಸಿ, ಮುಚ್ಚಳದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಪುಡಿ ಕೀಬೋರ್ಡಿನ ಸಂದಿಗೆ ಉದುರೀತೆಂದು ನಾನು ಮುಚ್ಚಳವನ್ನು ನಿಧಾನವಾಗಿ ತೆರೆದೆ.

"ಎಲ್ಲಿ ಒತ್ಬೇಕು?"

"ಇಲ್ಲಿ ಅತ್ತೆ. ಮೆತ್ತಗೆ."

ಅವರು ಕರೆಗಂಟೆ ಒತ್ತುವ ಹಾಗೆ ಒತ್ತಿದರು. ಪ್ರಾಜೆಕ್ಟಿನ ಹೆಸರು ಕೇಳಿತು. ಮಂಗಳವಾರದ್ದಕ್ಕೆ ಇಟ್ಟಿದ್ದ ಹೆಸರನ್ನೇ ಕೊಟ್ಟೆ, ಮಗು ಒಂದೇ ಅಲ್ಲವೇ ಎಂದು. ಮುಂದೆ ಇನ್ನೊಂದು ಪ್ರಶ್ನೆ ಬಂತು.

"ಏನಂತೆ ಅದು?"

"ಯಾರ್ಯಾರು ಎಷ್ಟ್ ಸಲ ನೋಡಿದ್ರು ಅಂತ ಲೆಕ್ಕ ಇಟ್ಕೊಳ್ಲಾ ಅಂತ ಕೇಳ್ತಿದೆ."

"ಬೇಡ ಅನ್ನು. ಕಣ್ ಬೀಳುತ್ತೆ."

ಬೇಡ ಎಂದೆ. ಚಕ್ರ ತಿರುಗಿತು, ಪ್ರಾಜೆಕ್ಟ್ ತಯಾರಾಯಿತು. ಅತ್ತೆ ಪರದೆಗೆ ಕೈ ಮುಗಿದು ಎದ್ದುಹೋದರು. ಅಲ್ಲಿಂದ ಮುಂದಿನ ಕೆಲಸ ನನ್ನದು. ಮತ್ತೆ ಆ್ಯಪಿನ ಹೆಸರು ಬರೆಸಿದೆ, ಫೈಲು ಇಳಿಸಿಕೊಂಡೆ. ಪ್ಲಗಿನ್ನಿನ ವಿಷಯವನ್ನು ಎರಡು ಕಡೆ ಬರೆಯಬೇಕು. ಇಂಥದ್ದೊಂದು ಇದೆ ಎಂದು ಲ್ಯಾಪ್‌ಟಾಪಿನಲ್ಲಿ ಇಡೀ ಕೆಲಸಕ್ಕೆ ಸೇರಿದ ಫೈಲಿನಲ್ಲಿ ಒಂದು ಸಾಲು, ಅದನ್ನು ಇಲ್ಲಿ ಬಳಸು ಎಂದು ಆ್ಯಪಿನ ಸ್ವಂತ ಫೈಲಿನಲ್ಲಿ ಇನ್ನೊಂದು. ಎರಡನ್ನೂ ಬರೆದು ಗುಂಡಿ ಒತ್ತಿದರೆ ಕೆಂಪು ಅಕ್ಷರಗಳು ಬಂದವು. ಸೈಟಿನಿಂದ ಇಳಿಸಿದ ಫೈಲು ಇಲ್ಲಿಲ್ಲ, ನಾನು ಹುಡುಕಿದ ಜಾಗಗಳು ಇವು ಎಂದು ಒಂದು ಪಟ್ಟಿಯನ್ನೇ ಕೊಟ್ಟಿತ್ತು.

ನನ್ನ ಮುಖ ನೋಡಿ ಅತ್ತಿಗೆ ಸೂಜಿ ಕೆಳಗಿಟ್ಟರು. "ಏನಾಯ್ತೆ?"

"ಫೈಲು ಸಿಗ್ತಿಲ್ವಂತೆ. ಇಲ್ಲೇ ಇದೆಯಲ್ಲ, ನೋಡಿ!"

"ಅದು ಎಲ್ಲಿ ಹುಡುಕ್ತಂತೆ?"

"ಒಳಗೆ, ಆ್ಯಪಿನ ಫೋಲ್ಡರಲ್ಲಿ."

"ನೀನ್ ಎಲ್ಲಿಟ್ಟಿದೀಯ?"

"ಹೊರಗಡೆ."

"ಒಳ್ಳೆ ಹುಡುಗಿ! ಜಗಲಿ ಮೇಲಿಟ್ಟಿದ್ದು ಅಡುಗೆಮನೇಲಿ ಇರೋರಿಗೆ ಹೆಂಗೆ ಕಾಣುತ್ತೆ?"

ಫೈಲನ್ನು ಒಳಗಿಟ್ಟೆ. ಕೆಂಪು ಹೋಯಿತು. ಆ್ಯಪಿಗೆ ಬೇಕಾದ ಉಳಿದ ಸಾಮಾನುಗಳನ್ನು ತರಿಸಿಕೊಳ್ಳಲೂ ಅತ್ತಿಗೆಯ ಫೋನಿನ ಇಂಟರ್ನೆಟ್ಟನ್ನೇ ಬಳಸಿದೆವು. ಪರದೆಯ ಕೆಳಗಿನ ಸಣ್ಣ ಪಟ್ಟಿ ತೆವಳುತ್ತಾ ಹೋಗುತ್ತಿರುವಾಗ ಎಂಟು ಜನರೂ ಒಬ್ಬೊಬ್ಬರಾಗಿ ಬಂದು ಚಾಪೆ ತುಂಬ ಕೂತರು. ಮಂಡಕ್ಕಿ ಕಲಸಿದ್ದಾಯಿತು, ತಿಂದದ್ದಾಯಿತು. ಕಡೆಗೆ ಬಿಲ್ಡ್ ಯಶಸ್ವಿ ಎಂದು ಬಂದಾಗ ನಾನೇ ಚಪ್ಪಾಳೆ ತಟ್ಟಿಬಿಟ್ಟೆ. ಏನೆಂದು ತಿಳಿಯದಿದ್ದರೂ ಅವರೂ ತಟ್ಟಿದರು.

ಎಂಟು ಫೋನಿಗೂ, ಒಂಬತ್ತನೆಯದಾಗಿ ಅತ್ತಿಗೆಯ ಫೋನಿಗೂ ಆ್ಯಪ್ ಹಾಕಿದೆ. ಪ್ರತಿ ಫೋನೂ, ಇದು ಗುರುತಿಲ್ಲದ ಕಡೆಯಿಂದ ಬಂದದ್ದು, ಹಾನಿ ಆಗಬಹುದು ಎಂದು ಹೆದರಿಸಿತು. ಎಂಟು ಜನರಲ್ಲಿ ಒಬ್ಬರಾದ ಎದುರು ಮನೆಯ ತಮಿಳು ಅಮ್ಮ ಬಿದ್ದು ಬಿದ್ದು ನಕ್ಕರು. "ಎನ್ನಕ್ಕಾ ಇದು, ನಿಮ್ ತಮ್ಮನ ಹೆಂಡ್ತಿನ ನೋಡಿದ್ರೆ ಪಾಪ ಅನ್ಸುತ್ತೆ, ಈ ಫೋನು ಕಳ್ಳಿ ಅಂತಿದೆಯಲ್ಲ!"

ಒಂದು ಸಲ ಸಂದೇಶ ಕಳಿಸಿ ನೋಡೋಣ ಎನ್ನುವಷ್ಟರಲ್ಲಿ ಅತ್ತಿಗೆಯ ಇಂಟರ್ನೆಟ್ಟು ಆ ದಿನದ ಮಟ್ಟಿಗೆ ಮುಗಿದುಹೋಯಿತು. "ಹುಟ್ಟಿದ ದಿನವೇ ಕೂಸಿನ ಹತ್ರ ಕೆಲಸ ಮಾಡಿಸ್ಬೇಡಿ" ಎಂದರು ಅತ್ತೆ. ನಾನು ಸಂಜೆಯ ಬಸ್ಸು ಹಿಡಿದೆ.

ಬುಧವಾರ ಮನೆಯಲ್ಲಿ ಕೂತು, ಗುರುತು ಇಟ್ಟುಕೊಂಡಿದ್ದ ಪುಟ ತೆರೆದು 'ನಮಸ್ಕಾರ' ಎಂದು ಬರೆದು ಕಳಿಸಿದೆ. ಹಸಿರು ಗುರುತು ಬಂತು. ಅತ್ತಿಗೆಗೆ ಫೋನ್ ಮಾಡಿದೆ.

"ಬಂತಾ?"

"ಇಲ್ವಲ್ಲ."

ಮತ್ತೆ ಕಳಿಸಿದೆ. ಮತ್ತೆ ಹಸಿರು ಗುರುತು. "ಈಗ?"

"ಹಾಲು ಉಕ್ಕಿದ್ದು ಬಿಟ್ರೆ ಇಲ್ಲಿ ಏನೂ ಆಗಿಲ್ಲ ಕಣೆ."

ಬ್ಯಾಟರಿ ಉಳಿಸುವ ಸೌಲಭ್ಯ ಅಡ್ಡ ಬರುತ್ತಿರಬಹುದೆಂದು ಎಲ್ಲರಿಗೂ ಅದನ್ನು ತೆಗೆಸಿದೆ. ಫೋನ್ ಆರಿಸಿ ಹಚ್ಚಿಸಿದೆ. ಬರೆದ ಎರಡು ಸಾಲುಗಳನ್ನು ಹತ್ತು ಸಲ ಓದಿದೆ, ಚುಕ್ಕೆಯೂ ಸರಿಯಿತ್ತು. ಕೆಂಪು ಅಕ್ಷರವಾದರೂ ಬಂದರೆ ಹಿಡಿದುಕೊಳ್ಳಲು ಏನೋ ಸಿಕ್ಕೀತು. ಎಲ್ಲ ಹಸಿರೇ ಇದ್ದು ಏನೂ ನಡೆಯದಿದ್ದರೆ ಯಾರನ್ನು ಕೇಳುವುದು? ಆ ದಿನದ ಸಾರಿಗೆ ನಾನು ಉಪ್ಪು ಹಾಕಿರಲಿಲ್ಲವಂತೆ, ನಮ್ಮನೆಯವರು ಸುಮ್ಮನೆ ಉಪ್ಪಿನ ಡಬ್ಬಿ ತಂದಿಟ್ಟುಕೊಂಡರು. ಎಂಟು ಹೆಂಗಸರ ಕೆಲಸ ನನ್ನ ಒಂದು ಬಾಯಿಮಾತಿನ ಮೇಲೆ ನಿಂತಿತ್ತು.

ಗುರುವಾರ ಬೆಳಿಗ್ಗೆ ಅತ್ತಿಗೆ ಮೊದಲ ಬಸ್ಸಿಗೇ ಬಂದರು. ಲ್ಯಾಪ್‌ಟಾಪನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಕೊಂಡು ನಾನೂ ದುರ್ಗಿಗುಡಿಗೆ ಹೋದೆ. ನಮ್ಮ ಲೆಕ್ಕಾಚಾರ ಇಷ್ಟು: ಸೀರೆಯ ಬಣ್ಣ ಕಂಡ ಕೂಡಲೇ ಅಂಗಡಿಯಿಂದಲೇ ಸಂದೇಶ ಹೋಗಬೇಕು. ಒಪ್ಪಿಕೊಂಡವರು ಆ ಬಣ್ಣದ ದಾರ, ಮಣಿ ತಂದಿಟ್ಟುಕೊಂಡರೆ ಅತ್ತಿಗೆಯ ಬಸ್ಸು ಮುಟ್ಟುತ್ತಲೇ ಕುಚ್ಚಿಗೆ ಕೂರಬಹುದು. ಇಲ್ಲದಿದ್ದರೆ ಶುಕ್ರವಾರ ಸಂಜೆಗೆ ಮುಗಿಯುವ ಮಾತಿಲ್ಲ.

ಅಂಗಡಿಯವರು ಸೀರೆ ತೆಗೆದಿಟ್ಟರು. ಅರಿಶಿನದ ಬಣ್ಣ, ಹಸಿರು ಅಂಚು. ಅದರ ಪಕ್ಕದಲ್ಲೇ ಅಂಥದ್ದೇ ಇನ್ನೊಂದು, ಅದು ಅಂಚು ಹೊಲಿಗೆಗೆ ಹೋಗಬೇಕಾದದ್ದು. ನನಗೆ ಹತ್ತಿರವಿದ್ದದ್ದನ್ನು ಎತ್ತಿ ಅತ್ತಿಗೆಯ ಕೈಗೆ ಕೊಟ್ಟೆ. ಅವರು ಮಡಿಕೆ ಬಿಡಿಸಿ, ಒಳಗೆ ದಾರದಲ್ಲಿ ಕಟ್ಟಿದ್ದ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು, ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದ ನಂಬರಿನ ಜೊತೆ ಹೋಲಿಸಿದರು. ಅದನ್ನು ವಾಪಸು ಇಟ್ಟು ಇನ್ನೊಂದನ್ನು ತೆಗೆದುಕೊಂಡರು.

"ಬಣ್ಣ ನೋಡಿ ತಗೊಂಡ್ರೆ ಕೆಟ್ವಿ. ಅವಳಿ ಜವಳಿ ಇದ್ದಂಗಿರ್ತವೆ. ನಂಬರ್ ನೋಡ್ಬೇಕು."

ನಾನು ಅಲ್ಲೇ ಗಾದಿಯ ಮೇಲೆ ಕೂತುಬಿಟ್ಟೆ. ನನ್ನ ಹತ್ತಿರವೂ ಒಂದೇ ಹೆಸರಿನವು ಎರಡು ಇದ್ದವಲ್ಲ! ಲ್ಯಾಪ್‌ಟಾಪ್ ತೆರೆದು, ಆ್ಯಪಿನೊಳಗೆ ಇಟ್ಟಿದ್ದ ಫೈಲನ್ನು ತೆಗೆದೆ. ಅದರ ಮೇಲ್ಭಾಗದಲ್ಲೇ ಪ್ರಾಜೆಕ್ಟಿನ ನಂಬರು ಇತ್ತು. ಬುಧವಾರದಿಂದ ಸಂದೇಶ ಕಳಿಸುತ್ತಿದ್ದ ಪುಟದಲ್ಲಿಯೂ ನಂಬರು ಹುಡುಕಿದೆ. ಬೆರಳಿಟ್ಟು ಒಂದೊಂದೇ ಅಂಕಿ ನೋಡಿದೆ. ಮೂರನೆಯದಕ್ಕೇ ಬೇರೆಯಾಯಿತು. ಒಂಬತ್ತು ಫೋನುಗಳಲ್ಲಿದ್ದ ಆ್ಯಪು ಅತ್ತೆ ಶುರು ಮಾಡಿಕೊಟ್ಟ ಪ್ರಾಜೆಕ್ಟಿಗೆ ಸೇರಿದ್ದು. ನಾನು ಕೂಗುತ್ತಿದ್ದದ್ದು ಮಂಗಳವಾರದ ಪ್ರಾಜೆಕ್ಟಿನಿಂದ, ಅಂದರೆ ಒಬ್ಬರೂ ವಾಸವಿಲ್ಲದ ಮನೆಯಿಂದ.

"ಏನಮ್ಮ, ನೀರು ಬೇಕಾ?" ಎಂದರು ಅಂಗಡಿಯವರು.

"ಬೇಡ ಅಣ್ಣ, ಒಂದ್ ನಿಮಿಷ ಇರಿ."

ಪುಟದ ಮೇಲಿನ ಪಟ್ಟಿಯಲ್ಲಿ ಸೋಮವಾರದ್ದನ್ನು ಆರಿಸಿಕೊಂಡೆ. 'ಅರಿಶಿನ ಸೀರೆ, ಹಸಿರು ಅಂಚು, ಮದುವೆಯದು, ನಾಳೆ ಮಧ್ಯಾಹ್ನದೊಳಗೆ' ಎಂದು ಬರೆದು ಕಳಿಸಿದೆ. ಹಸಿರು ಗುರುತು ಬಂತು. ಅದನ್ನು ನಂಬುವುದನ್ನು ನಾನು ಬಿಟ್ಟಿದ್ದೆ.

ಒಂದೆರಡು ಕ್ಷಣ ಆಗಿರಬಹುದು, ಅತ್ತಿಗೆಯ ಕೈಚೀಲದೊಳಗೆ ಕುಕ್ಕರ್ ಕೂಗಿತು.

ಯಾರೂ ಅಲಕ್ಷ್ಯ ಮಾಡಲಾಗದ ಶಬ್ದ ಬೇಕೆಂದು ಅತ್ತಿಗೆ ಹಟ ಹಿಡಿದಿದ್ದರಿಂದ ನಮ್ಮ ಅಡುಗೆಮನೆಯ ಕುಕ್ಕರಿನ ವಿಷಲನ್ನೇ ಹಿಡಿದು ಆ್ಯಪಿಗೆ ಹಾಕಿದ್ದೆ. ಸೀರೆ ನೋಡುತ್ತಿದ್ದ ಒಬ್ಬ ಹೆಂಗಸು ಬೆಚ್ಚಿ ತಮ್ಮ ಸೆರಗನ್ನು ಎಳೆದುಕೊಂಡರು. ಅಂಗಡಿಯವರು ಗಲ್ಲಾದ ಕೆಳಗೆ ಬಗ್ಗಿ ನೋಡಿದರು. ಅತ್ತಿಗೆ ಚೀಲದಿಂದ ಫೋನ್ ತೆಗೆಯುವಷ್ಟರಲ್ಲಿ ಅದು ರಿಂಗೂ ಆಗತೊಡಗಿತು. ಎದುರು ಮನೆಯ ತಮಿಳು ಅಮ್ಮ. ಧ್ವನಿ ಅಂಗಡಿಗೆಲ್ಲ ಕೇಳುವಂತಿತ್ತು.

"ಅಕ್ಕಾ, ಅರಿಶಿನ ಸೀರೆ ನಂದು! ಯಾರಿಗೂ ಕೊಡ್ಬೇಡಿ. ಈಗ್ಲೇ ದಾರ ತರ್ತೀನಿ. ಅಯ್ಯೋ, ನಿಮ್ ಆ್ಯಪ್ ಕೂಗಿದ್ದಕ್ಕೆ ನಮ್ ಕುಕ್ಕರ್ ಅಂತ ಒಲೆ ಆರಿಸ್ಬಿಟ್ಟೆ ಅಕ್ಕಾ, ಬೇಳೆ ಅರ್ಧ ಬೆಂದಿದೆ!"

ಅದರ ಬೆನ್ನಿಗೇ ಇನ್ನಿಬ್ಬರು ಫೋನ್ ಮಾಡಿದರು. ಅವರಲ್ಲೊಬ್ಬರೂ ಒಲೆ ಆರಿಸಿದ್ದರು. ಅಂಗಡಿಯವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಬಸ್ ಸ್ಟ್ಯಾಂಡಿಗೆ ಹೋಗುವ ಆಟೋದಲ್ಲಿ ಅತ್ತಿಗೆ ಕೇಳಿದರು, "ಅಲ್ಲ, ನಿನ್ನೆ ಯಾಕೆ ಬರ್ಲಿಲ್ಲ ಮತ್ತೆ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಎರಡು ಪ್ರಾಜೆಕ್ಟ್ ಇದ್ದದ್ದು, ಹೆಸರು ಒಂದೇ ಇಟ್ಟದ್ದು, ನಾನು ಮಂಗಳವಾರದ್ದರಿಂದ ಕಳಿಸುತ್ತಿದ್ದದ್ದು, ಎಲ್ಲ ಹೇಳಿದೆ. ಅವರು ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ನನ್ನ ಕಡೆ ತಿರುಗಿದರು.

"ಅಮ್ಮ ಹೇಳಿದ್ಲಾ ಇಲ್ವಾ? ಮಂಗಳವಾರದ್ದು ಉದ್ಧಾರ ಆಗುತ್ತಾ? ಸೋಮವಾರದ್ದು ನೋಡು, ಹೆಂಗೆ ಕೂಗ್ತು!"

ಮಂಗಳವಾರದ್ದು ಒಂದೇ ಇದ್ದಿದ್ದರೆ ಅದೂ ಹಾಗೆಯೇ ಕೂಗುತ್ತಿತ್ತು. ಅದನ್ನು ಹೇಳಲು ಬಾಯಿ ತೆರೆದೆ. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಬಂದಿದ್ದ ನಗು ನೋಡಿ, "ಹೌದು ಅತ್ತಿಗೆ" ಎಂದೆ. ಮನೆಗೆ ಬಂದವಳೇ ಮಂಗಳವಾರದ ಪ್ರಾಜೆಕ್ಟನ್ನು ಅಳಿಸಿದೆ. ಇಷ್ಟು ದಿನದೊಳಗೆ ಮನಸ್ಸು ಬದಲಾಯಿಸಿದರೆ ವಾಪಸು ಕೊಡುತ್ತೇವೆ ಎಂದು ಸೈಟು ಮರ್ಯಾದೆಯಿಂದ ಹೇಳಿತು. ಬದಲಾಯಿಸಲಿಲ್ಲ.

ಶುಕ್ರವಾರ ನಾಲ್ಕು ಗಂಟೆಗೆ ಸೀರೆ ದುರ್ಗಿಗುಡಿಗೆ ಬಂತು. ಹಸಿರು, ಅರಿಶಿನ ದಾರಗಳನ್ನು ಸೇರಿಸಿ ಕಟ್ಟಿದ ಕುಚ್ಚು, ಪ್ರತಿ ಗಂಟಿಗೂ ಒಂದು ಚಿನ್ನದ ಬಣ್ಣದ ಮಣಿ. ಅಂಗಡಿಯವರು ಸೆರಗನ್ನು ಮುಂಗೈ ಮೇಲೆ ಹರಡಿಕೊಂಡು ಬೆಳಕಿಗೆ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ನಾನು ಅತ್ತಿಗೆಯ ಬೆರಳುಗಳನ್ನು ನೋಡುತ್ತಿದ್ದೆ. ಅವು ಚೀಲದ ಹಿಡಿಯನ್ನು ತಿರುಚುತ್ತಿದ್ದವು.

ಅಂಗಡಿಯವರು ಸೀರೆ ಮಡಚಿಟ್ಟರು. ಒಳಗೆ ಹೋಗಿ ಒಂದು ದೊಡ್ಡ ಗಂಟು ತಂದು ಅತ್ತಿಗೆಯ ಮುಂದೆ ಬಿಚ್ಚಿದರು. ಹನ್ನೊಂದು ಸೀರೆ.

"ಎಲ್ಲ ಈ ತಿಂಗಳ ಮದುವೆಗಳಿಗೆ ಅಕ್ಕ. ನಿಮ್ಮ ಕಡೇನೇ ಆಗ್ಲಿ."

ಅತ್ತಿಗೆ ಕನ್ನಡಕ ಏರಿಸಿಕೊಂಡರು. ಒಂದೊಂದೇ ಸೀರೆಯ ಚೀಟಿ ನೋಡಿ ಏಳನ್ನು ಒಂದು ಕಡೆ, ನಾಲ್ಕನ್ನು ಇನ್ನೊಂದು ಕಡೆ ಇಟ್ಟರು. "ಏಳು ಈಗ ತಗೊಂಡ್ಹೋಗ್ತೀನಿ. ನಾಲ್ಕು ಮುಂದಿನ ವಾರ. ಒಪ್ಕೊಂಡು ಆಮೇಲೆ ಆಗ್ಲಿಲ್ಲ ಅನ್ನೋದು ಬೇಡ."

"ಸರಿ" ಎಂದರು ಅವರು.

ಅತ್ತಿಗೆ ಅಲ್ಲೇ ಗಾದಿಯ ಮೇಲೆ ಕಾಲು ಮಡಚಿ ಕೂತು, ಅಂಗಡಿಯವರು ತರಿಸಿದ ಟೀಯನ್ನು ಕೊನೆಯ ಗುಟುಕಿನವರೆಗೂ ಕುಡಿದು, ನನ್ನ ಕಡೆ ತಿರುಗಿದರು. "ಹೂಂ, ಬರ್ಕೋ. ಮೊದಲ್ನೇದು ನವಿಲು ಬಣ್ಣ, ಕೆಂಪು ಅಂಚು. ಇರು ಇರು, ಈಗ್ಲೇ ಕಳಿಸ್ಬೇಡ ಮಾರಾಯ್ತಿ, ಐದು ಗಂಟೆ ಆಗ್ಲಿ. ಈಗ ಎಲ್ರೂ ಟೀಗೆ ಒಲೆ ಹಚ್ಚಿರ್ತಾರೆ, ಐದಕ್ಕಾದ್ರೆ ಟೀ ಮುಗಿದಿರುತ್ತೆ, ರಾತ್ರಿ ಅಡುಗೆಗೆ ಇನ್ನೂ ಹಚ್ಚಿರಲ್ಲ."